ಮನಸ್ಸು ಸುಧಾರಿಸಿತು, ಹಾಸಿಗೆಯಲ್ಲಿ ತೊಡಕು

ಪ್ರಶ್ನೆ: ನನಗೆ 38 ವರ್ಷ. ಖಿನ್ನತೆಗೆ ನಾಲ್ಕು ತಿಂಗಳಿಂದ ಎಸ್ಸಿಟಲೊಪ್ರಾಂ 20 ಮಿ.ಗ್ರಾಂ. ನಡೆದಿದೆ. ಈಗ ನಿದ್ದೆ, ಕೆಲಸ ಎಲ್ಲ ಸರಿಯಿದೆ. ಆದರೆ ಹೆಂಡತಿಯನ್ನು ಕೂಡಿದಾಗ ನಿಮಿರುವಿಕೆ ಇದ್ದರೂ ಎಷ್ಟು ಹೊತ್ತಾದರೂ ಸ್ಖಲನವಾಗದು. ತನ್ನ ಮೇಲೆ ಆಸೆ ಹೋಗಿದೆ ಎಂದು ಅವಳ ಅನುಮಾನ. ಡಾಕ್ಟರು ಮರಾಠಿಯವರು, ಹೇಳಲು ನಾಚಿಕೆ. ಮೆಡಿಕಲ್ ಅಂಗಡಿಯವನು ‘ತಾಕತ್ತಿನ ಗುಳಿಗೆ’ ಕೊಡುತ್ತೇನೆ ಅನ್ನುತ್ತಾನೆ. ಖಿನ್ನತೆಯ ಮಾತ್ರೆ ಬಿಟ್ಟುಬಿಡಲೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಬಿಡಬೇಡಿ, ಆ ಗುಳಿಗೆಯನ್ನೂ ಮುಟ್ಟಬೇಡಿ. ಅಂಥ ಗುಳಿಗೆಗಳಲ್ಲಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಜೊತೆ ಡಾಪೊಕ್ಸೆಟಿನ್ ಬೆರೆಸಿರುವುದುಂಟು. ಡಾಪೊಕ್ಸೆಟಿನ್ ಕೊಡುವುದೇ ಶೀಘ್ರಸ್ಖಲನವನ್ನು ತಡ ಮಾಡಲು. ನಿಮಗೆ ಬೇಕಿರುವುದು ಅದರ ತದ್ವಿರುದ್ಧ! ಸಾಲದ್ದಕ್ಕೆ ಅದೂ ಎಸ್ಸಿಟಲೊಪ್ರಾಂ ವರ್ಗದ್ದೇ; ಎರಡೂ ಸೇರಿ ಸೆರಟೋನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾದರೆ ನಡುಕ, ಬೆವರು, ಜ್ವರ ಬಂದು ಜೀವಕ್ಕೇ ಕುತ್ತು. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಸಿಲ್ಡೆನಾಫಿಲ್ ಸಲ್ಲದು, ರಕ್ತದೊತ್ತಡ ಥಟ್ಟನೆ ಕುಸಿಯುತ್ತದೆ.

ನಿಮ್ಮ ತೊಂದರೆಯ ಮೂಲವೂ ಸೆರಟೋನಿನ್ನೇ. ಮನಸ್ಸನ್ನು ಎತ್ತುವ ಅದೇ ರಾಸಾಯನಿಕ ಸ್ಖಲನದ ನರಗಳಿಗೆ ಕಡಿವಾಣ ಹಾಕುತ್ತದೆ. ಆಸೆ ಇದ್ದೂ ಕೊನೆ ಮುಟ್ಟದಿರುವುದು ಅದಕ್ಕೇ. ಇದನ್ನು ಹೆಂಡತಿಗೆ ಇವತ್ತೇ ಹೇಳಿ. ಡೋಸ್ ಏರಿದಷ್ಟೂ ಇದು ಹೆಚ್ಚು, ಹಾಗಾಗಿ ಡಾಕ್ಟರು ಮೊದಲು 20ರಿಂದ 15, ಆಮೇಲೆ 10ಕ್ಕೆ ಇಳಿಸಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಮಾತ್ರೆಯನ್ನೇ ಬದಲಿಸಬೇಕು: ಬ್ಯುಪ್ರೊಪಿಯಾನ್‌ನಲ್ಲಿ ಈ ಕಾಟ ತೀರಾ ಕಡಿಮೆ, ಆದರೆ ಮೂರ್ಛೆರೋಗ ಇದ್ದವರಿಗೆ ಕೊಡುವಂತಿಲ್ಲ. ಮಿರ್ಟಾಜಪಿನ್ನಲ್ಲೂ ಕಡಿಮೆಯೇ, ಆದರೆ ತೂಕಡಿಕೆ, ಹಸಿವು, ಮೈತೂಕ ಏರುತ್ತವೆ. ಪ್ಯಾರೊಕ್ಸೆಟಿನ್‌ಗೆ ಬದಲಿಸಿಕೊಂಡರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ, ಅದರಲ್ಲಿ ಈ ಕಾಟ ಇನ್ನೂ ಹೆಚ್ಚು.

ಶನಿವಾರ ಭಾನುವಾರ ಮಾತ್ರೆಗೆ ರಜೆ ಕೊಡುವ ಉಪಾಯ ಕೆಲವರಿಗೆ ಗೊತ್ತು. ಇದೇ ವರ್ಗದ ಫ್ಲೂಕ್ಸೆಟಿನ್ ವಾರಗಟ್ಟಲೆ ಮೈಯಲ್ಲೇ ಉಳಿಯುವುದರಿಂದ ಅದರಲ್ಲಿ ಇದು ನಡೆಯದು. ಬೇರೆಯವುಗಳನ್ನು ಹೀಗೆ ತಪ್ಪಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು, ಸಿಡಿಮಿಡಿ. ಮುಖ್ಯವಾಗಿ, ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯಬೇಕು, ಇಲ್ಲವಾದರೆ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚು.

ನಾಚಿಕೆಗೆ ಒಂದು ಚೀಟಿ ಸಾಕು. ಮಾತ್ರೆ ಶುರುವಾದ ದಿನ, ಡೋಸ್ ಏರಿಸಿದ ದಿನ, ತೊಂದರೆ ಮೊದಲು ಕಂಡ ದಿನ, ಬೆಳಿಗ್ಗೆ ಏಳುವಾಗ ನಿಮಿರುವಿಕೆ ಇದೆಯೇ, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಕುಡಿತ ಇವೆಯೇ – ಇಷ್ಟು ಬರೆದು ಡಾಕ್ಟರು ಕೊಟ್ಟ ಹಳೆಯ ಔಷಧ ಚೀಟಿಯ ಜೊತೆ ಮೇಜಿನ ಮೇಲಿಡಿ. ‘ಸೆಕ್ಸ್ ಪ್ರಾಬ್ಲೆಂ’ ಅಂದರೆ ಮರಾಠಿಯವರಿಗೂ ಅರ್ಥವಾಗುತ್ತದೆ!

ಪ್ರಶ್ನೆ: ಸರ್ಟ್ರಲಿನ್ 50 ಮಿ.ಗ್ರಾಂ. ತೆಗೆದುಕೊಳ್ಳುತ್ತೇನೆ. ಹೆಂಗಸರಿಗೂ ಹೀಗಾಗುತ್ತದೆಯೇ?
– ಓದುಗಿ, ಪುಣೆ

ಉತ್ತರ: ಆಗುತ್ತದೆ, ಸರ್ಟ್ರಲಿನ್ ಕೂಡ ಎಸ್ಸಿಟಲೊಪ್ರಾಂ ವರ್ಗದ್ದೇ. ಡಾಕ್ಟರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ, ಅಷ್ಟೇ. ಆಸೆ ಕುಗ್ಗುವುದು, ಯೋನಿ ಒಣಗುವುದು, ಪರಾಕಾಷ್ಠೆ ತಲುಪದಿರುವುದು ಸಾಮಾನ್ಯ. ಒಣಗಿದ್ದಕ್ಕೆ ನೀರಿನ ಆಧಾರದ ಜೆಲ್ ಸಾಕು, ಎಣ್ಣೆ ಬೇಡ: ಎಣ್ಣೆಗೆ ಕಾಂಡೋಮ್ ಹರಿಯುತ್ತದೆ. ಉಳಿದದ್ದಕ್ಕೆ ಮೇಲೆ ಹೇಳಿದ ದಾರಿಯೇ. ಗರ್ಭ ಧರಿಸುವ ಯೋಚನೆ ಇದ್ದರೆ ಮಾತ್ರೆ ಬದಲಿಸುವ ಮೊದಲೇ ಡಾಕ್ಟರಿಗೆ ತಿಳಿಸಿ. ಮಾತ್ರೆ ಬಿಟ್ಟ ಮೇಲೂ ತೊಂದರೆ ಉಳಿಯುವುದು ಅಪರೂಪಕ್ಕೆ ಉಂಟು. 2019ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇದನ್ನು ಮಾಹಿತಿ ಪತ್ರದಲ್ಲಿ ಸೇರಿಸಲು ಹೇಳಿದ್ದಾರೆ. ಹಾಗಾದರೆ ‘ಎಲ್ಲ ನಿಮ್ಮ ಮನಸ್ಸಿನದ್ದು’ ಎಂಬ ಉತ್ತರಕ್ಕೆ ಸುಮ್ಮನಾಗದೆ ಇನ್ನೊಬ್ಬ ಮನೋವೈದ್ಯರನ್ನು ಕಾಣಿ.