ಎಡಿಸನ್‌ನಲ್ಲಿ ಮನೆ ನೋಡುವ ಮುಂಚೆ

ನ್ಯೂಜೆರ್ಸಿಯ ಎಡಿಸನ್ ಟೌನ್‌ಶಿಪ್‌ನಲ್ಲಿ (ಟೌನ್‌ಶಿಪ್ ಅಂದರೆ ತನ್ನದೇ ಸ್ಥಳೀಯ ಆಡಳಿತ ಇರುವ ಊರು) ಮನೆ ಮಾಡಿ, ಕಾರಿಲ್ಲದೆ ನ್ಯೂಯಾರ್ಕಿಗೆ ಓಡಾಡಬಹುದಾ ಅಂತ ಕೇಳಿದ್ದೀರಿ. ಓಡಾಡಬಹುದು, ಆದರೆ ಮನೆ ಸ್ಟೇಷನ್ನಿಗೆ ನಡೆಯುವಷ್ಟು ಹತ್ತಿರ ಇರಬೇಕು. ಎಡಿಸನ್ ಸ್ಟೇಷನ್ನಿನಿಂದ ಎನ್‌ಜೆ ಟ್ರಾನ್ಸಿಟ್ (ನ್ಯೂಜೆರ್ಸಿ ರಾಜ್ಯದ ಸಾರಿಗೆ ಸಂಸ್ಥೆ) ರೈಲು ನೇರವಾಗಿ ನ್ಯೂಯಾರ್ಕ್ ಪೆನ್ ಸ್ಟೇಷನ್ನಿಗೆ ಹೋಗುತ್ತದೆ. ಈ ಸ್ಟೇಷನ್ ಇರುವುದು ದಕ್ಷಿಣದ ಸ್ಟೆಲ್ಟನ್ ಕಡೆ. ನಮ್ಮವರು ಜಾಸ್ತಿ ಇಷ್ಟಪಡುವ ಓಕ್ ಟ್ರೀ ರಸ್ತೆ ಇರುವುದು ಉತ್ತರದಲ್ಲಿ. ಅಲ್ಲಿಂದ ಮೆಟ್ರೋಪಾರ್ಕ್ ಅಥವಾ ಮೆಟಚನ್ ಸ್ಟೇಷನ್ ಹತ್ತಿರ. ಮೆಟ್ರೋಪಾರ್ಕಿನಲ್ಲಿ ದೂರದ ಊರುಗಳಿಗೆ ಹೋಗುವ ಆಮ್‌ಟ್ರಾಕ್ ರೈಲು ಕೂಡ ನಿಲ್ಲುತ್ತದೆ.

ವಿಳಾಸ ಮಾತ್ರ ಸರಿಯಾಗಿ ನೋಡಿ, ಇದು ಮುಖ್ಯ. ಓಕ್ ಟ್ರೀ ರಸ್ತೆಯಲ್ಲೇ ಮುಂದೆ ಹೋದರೆ ಐಸ್ಲಿನ್ ಬರುತ್ತದೆ. ಅದು ವುಡ್‌ಬ್ರಿಡ್ಜ್ ಟೌನ್‌ಶಿಪ್‌ಗೆ ಸೇರಿದ್ದು. ಮೆಟಚನ್ ಸುತ್ತಲೂ ಎಡಿಸನ್ನೇ ಇದೆ, ಆದರೂ ಅದು ಬೇರೆಯೇ ಊರು, ಆಡಳಿತವೂ ಶಾಲೆಗಳೂ ಬೇರೆ. ಮಕ್ಕಳಿದ್ದರೆ ಈ ಗಡಿ ತುಂಬಾ ಮುಖ್ಯ ಅಲ್ವಾ?

ಟೌನ್‌ಶಿಪ್ ಅಂದರೆ ಹಳ್ಳಿ ಅಂದುಕೊಳ್ಳಬೇಡಿ. 2020ರ ಜನಗಣತಿಯಲ್ಲಿ ಎಡಿಸನ್‌ನಲ್ಲಿ 1,07,588 ಜನ ಇದ್ದರು. ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಕೌನ್ಸಿಲಿನಲ್ಲಿ 7 ಸದಸ್ಯರು. ವಾರ್ಡುಗಳಿಲ್ಲ, ಹಾಗಾಗಿ ಬೀದಿಯ ದೂರನ್ನು ಯಾವ ಸದಸ್ಯರ ಹತ್ತಿರ ಬೇಕಾದರೂ ಒಯ್ಯಬಹುದು. ಸಂಕೋಚ ಬೇಡ, ಸಭೆಗೆ ಹೋಗಿ ಮಾತಾಡಿ.