ಪ್ರಿಂಟ್ ಸ್ಕ್ರೀನ್ ಬಿಡ್ರಿ, ಪ್ಲೇಯರ್ ಕೈಲೇ ತೆಗಸ್ರಿ

ಲ್ಯಾಪ್‌ಟಾಪ್‌ನ್ಯಾಗ ಸಿನಿಮಾ ಹಚ್ಚಿ ಪ್ರಿಂಟ್ ಸ್ಕ್ರೀನ್ ಒತ್ತಿದ್ರ ಒಮ್ಮೊಮ್ಮೆ ಬರೇ ಕರೀ ಚೌಕ ಬರ್ತದ, ಬಂದಾಗೂ ಮುಖ ಮಸಕ ಇರ್ತದ, ಸಾಫ್ ಫೋಟೋ ತೆಗಿಯೋದು ಹೆಂಗ ಅಂತ ಕೇಳೀರಿ. ನಾನು ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದು ಫೋಟೋ ಸ್ಟುಡಿಯೋದಾಗ ಎಡಿಟಿಂಗ್ ಮಾಡ್ತೀನಿ. ಸಿನಿಮಾಕ್ಕಿಂತ ಮದುವಿ ಡಿವಿಡಿ, ಜಾತ್ರಿ ವಿಡಿಯೋ ನನ್ನ ಕೈಗೆ ಜಾಸ್ತಿ ಬರ್ತಾವ. ಆದ್ರ ಕೆಲಸ ಅದೇ.

ಪ್ರಿಂಟ್ ಸ್ಕ್ರೀನ್ ತೆಗಿಯೋದು ನಿಮ್ಮ ಪರದೆದ ಚಿತ್ರ, ಸಿನಿಮಾದ್ದಲ್ಲ. ಪರದೆ 1366×768 ಚುಕ್ಕಿ (ಪಿಕ್ಸೆಲ್) ಇದ್ದು ಫೈಲ್ 1920×1080 ಇತ್ತಂದ್ರ, ಚಿತ್ರದ ಹೆಚ್ಚುಕಮ್ಮಿ ಅರ್ಧ ಚುಕ್ಕಿ ಅಲ್ಲೇ ಹೋದ್ವು. ಕೆಳಗಿನ ಪ್ಲೇಯರ್ ಗುಂಡಿನೂ ಫೋಟೋದಾಗ ಬಂದು ಕೂಡ್ತಾವ. ಮೊಬೈಲ್ ಹಿಡಿದು ಪರದೆದ ಫೋಟೋ ಹೊಡಿಯೋರೂ ಇದ್ದಾರ, ಆ ಅಲೆ ಅಲೆ ಗೆರಿ ನೋಡಿದ್ರ ನನಗ ತಲಿನೋವು ಬರ್ತದ.

ವಿಎಲ್‌ಸಿ ಪ್ಲೇಯರ್ ಹಾಕ್ಕೊಳ್ರಿ, ಪುಕ್ಕಟ ಸಿಗ್ತದ. ಬೇಕಾದ ಜಾಗ ಬಂದಾಗ ಶಿಫ್ಟ್ ಒತ್ತಿ ಹಿಡಿದು ಎಸ್ ಒತ್ರಿ, ಮುಗೀತು. ಮ್ಯಾಕ್ ಇದ್ರ ಕಮಾಂಡ್, ಆಪ್ಷನ್, ಎಸ್ ಮೂರೂ ಕೂಡಿಸಿ ಒತ್ತಬೇಕು. ಕೀಲಿ ನೆನಪಿರಲಿಲ್ಲಂದ್ರ ವಿಡಿಯೋ ಮೆನುದಾಗ ಟೇಕ್ ಸ್ನ್ಯಾಪ್‌ಶಾಟ್ ಅದ. ಫೋಟೋ ಎಲ್ಲಿ ಹೋಯ್ತು ಅಂತ ಎಲ್ಲಾರೂ ಹುಡುಕ್ತಾರ. ವಿಂಡೋಸ್‌ನ್ಯಾಗ ಅದು ಪಿಕ್ಚರ್ಸ್ ಫೋಲ್ಡರ್‌ಗೆ ಹೋಗಿ ಕುಂತಿರ್ತದ. ಪ್ರಿಫರೆನ್ಸಸ್ ಒಳಗ ವಿಡಿಯೋ ಭಾಗಕ್ಕ ಹೋದ್ರ ಬೇರೆ ಫೋಲ್ಡರ್ ಕೊಡಬಹುದು, ಅಲ್ಲೇ ಪಿಎನ್‌ಜಿ ಅಂತ ಆರಿಸಿಡ್ರಿ. ಜೆಪೆಗ್ ಚಿತ್ರದ ಒಂದಿಷ್ಟು ವಿವರ ಬಿಟ್ಟು ಸಣ್ಣದು ಮಾಡ್ತದ, ಪಿಎನ್‌ಜಿ ವಿವರ ಬಿಡಂಗಿಲ್ಲ. ಕೆಳಗಿನ ಅಕ್ಷರ ಬ್ಯಾಡಂದ್ರ ಸಬ್‌ಟೈಟಲ್ ಮೊದಲೇ ಬಂದ್ ಮಾಡ್ರಿ.

ಇನ್ನ ಮಸಕಿನ ಮಾತು. ಸಿನಿಮಾದಾಗ ಒಂದು ಸೆಕೆಂಡಿಗೆ ಸಾಮಾನ್ಯವಾಗಿ 24 ಚಿತ್ರ ಇರ್ತಾವ. ರೂಢಿಯೊಳಗ ಒಂದೊಂದು ಚಿತ್ರಕ್ಕ ಕ್ಯಾಮೆರಾದ ಕಣ್ಣು ಸೆಕೆಂಡಿನ 48ನೇ ಒಂದು ಭಾಗ ತೆರೆದಿರ್ತದ. ಅಷ್ಟರಾಗ ಕೈ ಬೀಸಿದ್ರ, ಕತ್ತು ತಿರುವಿದ್ರ ಆ ಚಿತ್ರ ಮಸಕೇ. ಓಡೋವಾಗ ನಮ್ಮ ಕಣ್ಣಿಗೆ ಗೊತ್ತಾಗಂಗಿಲ್ಲ, ನಿಂದ್ರಿಸಿದಾಗ ಗೊತ್ತಾಗ್ತದ. ಅದು ನಿಮ್ಮ ಕಂಪ್ಯೂಟರಿನ ತಪ್ಪಲ್ಲ, ಯಾವ ಸಾಫ್ಟ್‌ವೇರ್ ತಂದ್ರೂ ಅದೇ ಮಸಕು. ಮನಿಷ್ಯಾ ಅರಗಳಿಗಿ ಸುಮ್ಮ ನಿಂತ ಚಿತ್ರ ಹುಡುಕಬೇಕು. ಅದಕ್ಕ ವಿಎಲ್‌ಸಿಯೊಳಗ ಇಂಗ್ಲಿಷ್ ಇ (E) ಕೀಲಿ ಅದ. ಒಮ್ಮೆ ಒತ್ತಿದ್ರ ಸಿನಿಮಾ ನಿಲ್ತದ, ಆಮ್ಯಾಲ ಒತ್ತಿದಂಗ ಒಂದೊಂದೇ ಚಿತ್ರ ಮುಂದ ಹೋಗ್ತದ. ವಿಎಲ್‌ಸಿ 3ರಾಗ ಹಿಂದ ಬರಾಕ ಇಂಥ ಕೀಲಿ ಇಲ್ಲ, ಅದಕ್ಕ ಎರಡು ಸೆಕೆಂಡ್ ಮೊದಲೇ ನಿಂದ್ರಿಸಿ ಸುರು ಮಾಡ್ರಿ. ಎಂಪಿವಿ ಅಂತ ಇನ್ನೊಂದು ಪ್ಲೇಯರ್ ಅದ, ಅದ್ರಾಗ ಅಲ್ಪವಿರಾಮದ ಕೀಲಿ ಒತ್ತಿದ್ರ ಒಂದು ಚಿತ್ರ ಹಿಂದ, ಚುಕ್ಕಿ ಒತ್ತಿದ್ರ ಒಂದು ಚಿತ್ರ ಮುಂದ. ನನಗ ಅದೇ ಚಲೋ ಅನಸ್ತದ, ಆದ್ರ ಹೊಸಬರಿಗೆ ಗುಂಡಿ ಕಾಣಂಗಿಲ್ಲಂತ ಹೆದರ್ತಾರ.

ಒಮ್ಮೆ ಅಫಜಲಪುರ ಕಡಿಂದ ಒಬ್ಬ ಅವ್ವ ಡಿವಿಡಿ ತಂದಿದ್ಲು. ಮಗಳ ಮದುವಿದು. ಗಂಡ ತೀರಿಕೊಂಡಾರ, ಹಾರ ಹಾಕಾಕ ಒಂದು ಫೋಟೋ ಬೇಕು, ಮನ್ಯಾಗ ಆಧಾರ್ ಕಾರ್ಡಿಂದು ಬಿಟ್ರ ಇನ್ನೊಂದಿಲ್ಲ. ಹೆಣ್ಣಿನಪ್ಪ ಅಲ್ಲೇನ್ರಿ, ಪೂರಾ ಮದುವ್ಯಾಗ ಓಡಾಟದಾಗೇ ಇದ್ದಾರ. ಊಟದ ಸಾಲಿನ್ಯಾಗ ಬೆನ್ನು, ಹಂದರದಾಗ ಅರ್ಧ ಮುಖ. ಅಕ್ಕಿಕಾಳು ಹಾಕೋವಾಗ ಮಾತ್ರ ನಾಕು ಸೆಕೆಂಡ್ ಕ್ಯಾಮೆರಾ ಕಡಿ ನಿಂತಾರ. ಡಿವಿಡಿಯೊಳಗ ಸೆಕೆಂಡಿಗೆ 25 ಚಿತ್ರ, ಅಂದ್ರ ನೂರು. ನಾನು ಒಂದೊಂದೇ ದಾಟಿಸ್ಕೋತ ಹೋದೆ. ಒಂದ್ರಾಗ ಕಣ್ಣು ಮುಚ್ಚ್ಯಾವ, ಒಂದ್ರಾಗ ಯಾರದೋ ಕೈ ಅಡ್ಡ. ಕಡೀಗೆ ಒಂದು ಭಾರಿ ಸಾಫ್ ಸಿಕ್ತು, "ಇದು ನೋಡ್ ಯವ್ವಾ" ಅಂದೆ. ಆಕಿ ಜರಾ ಹೊತ್ತು ನೋಡಿ, "ಬ್ಯಾಡೋ ತಮ್ಮಾ, ಇದ್ರಾಗ ಯಾರೋ ಸಾಹೇಬರಂಗ ಕಾಣ್ತಾರ. ಆಗ ಹಿಂದ ಬಂತಲ್ಲ, ಬಾಯಿ ತೆಗೆದಿದ್ದು, ಅದು ಹಾಕು. ಅವರು ಹಂಗೇ ಇರತಿದ್ರು" ಅಂದ್ಲು. ಅದು ಮಸಕಿತ್ತು. ಅದನ್ನೇ ಹಾಕಿಕೊಟ್ಟೆ. ಅವತ್ತಿಂದ ನಾನು ಒಂದೇ ಚಿತ್ರ ತೆಗಿಯಂಗಿಲ್ಲ, ಆಜುಬಾಜು ಹತ್ತು ಹದಿನೈದು ತೆಗೆದಿಟ್ಟು ಕೇಳಿದವರ ಮುಂದ ಹರವ್ತೀನಿ. ನೀವೂ ಹಂಗ ಮಾಡ್ರಿ.

ಹಳೇ ಡಿವಿಡಿ ಇದ್ರ ಇನ್ನೊಂದು ಕಾಟ ಅದ. ಶರಣಬಸವೇಶ್ವರ ಜಾತ್ರಿ ತೇರಿನ ವಿಡಿಯೋ ನಿಂದ್ರಿಸಿದಾಗ ತೇರಿನ ಅಂಚಿಗೆ ಹಣಗಿ ಹಲ್ಲಿನಂಗ ಗೆರಿ ಕಂಡ್ವು. ಅಂಥಾ ವಿಡಿಯೋದಾಗ ಒಂದು ಚಿತ್ರದ ಸಾಲು ಎರಡು ಪಾಲಾಗಿರ್ತಾವ, ಒಂದು ಪಾಲು ಸೆಕೆಂಡಿನ 50ನೇ ಒಂದು ಭಾಗ ತಡ ಮಾಡಿ ಹಿಡಿದದ್ದು. ಅಷ್ಟರಾಗ ತೇರು ಮುಂದ ಸರಿದಿರ್ತದ. ವಿಡಿಯೋ ಮೆನುದಾಗ ಡಿಇಂಟರ್‌ಲೇಸ್ ಚಾಲೂ ಮಾಡಿ ಆಮ್ಯಾಲ ಫೋಟೋ ತೆಗೀರಿ, ಹಲ್ಲು ಹೋಗ್ತಾವ.

ಪ್ರಿಂಟ್ ಹಾಕ್ಸೋರಿದ್ರ ಆಸೆ ಸಣ್ಣದಿರಲಿ. ನಮ್ಮ ದೇಶದ ಡಿವಿಡಿ ಚಿತ್ರ 720×576. ಇಂಚಿಗೆ 300 ಚುಕ್ಕಿ ಲೆಕ್ಕ ಹಿಡಿದ್ರ ಎರಡೂವರೆ ಇಂಚು ಅಗಲಕ್ಕೂ ಸಾಲಂಗಿಲ್ಲ. 1920 ಅಗಲದ ಫೈಲ್ ಇದ್ರ ಆರು ಇಂಚಿಗೆ ಆರಾಮ್. ಆ ಅವ್ವಂಗ ದೊಡ್ಡ ಫ್ರೇಮ್ ಬೇಕಿತ್ತು, ನಾನು ಸಣ್ಣ ಫೋಟೋ ಹಾಕಿ ಸುತ್ತ ಅಗಲ ಬಿಳೀ ಅಂಚು ಬಿಟ್ಟೆ.

ಕರೀ ಚೌಕ ಬಂದದ್ದು ಹಣ ಕಟ್ಟಿ ನೋಡೋ ಆ್ಯಪ್‌ನ್ಯಾಗಿದ್ರ, ಅದು ನಕಲು ತಡಿಯಾಕ ಬೇಕಂತಲೇ ಹಾಕಿದ ಬೀಗ. ಅದನ್ನ ಮುರಿಯೋ ದಾರಿ ನನಗ ಕೇಳಬ್ಯಾಡ್ರಿ. ಅಧಿಕೃತ ಟ್ರೇಲರ್, ಪೋಸ್ಟರ್‌ದಾಗ ಅದೇ ದೃಶ್ಯ ಅದೇನು ನೋಡ್ರಿ. ಹಂಗೇ 1957ರ ಕೃತಿಸ್ವಾಮ್ಯ ಕಾಯ್ದೆದಾಗ ಸಿನಿಮಾದ ಒಂದು ಚಿತ್ರದ ಫೋಟೋ ತೆಗಿಯೋದೂ ನಕಲಿನ ಲೆಕ್ಕಕ್ಕೇ ಬರ್ತದ. ಸ್ವಂತ ಬಳಕಿ, ವಿಮರ್ಶಿ ಬರಿಯೋದಕ್ಕ ನ್ಯಾಯವಾಗಿ ಬಳಸಾಕ ಅವಕಾಶ ಕೊಟ್ಟಾರ. ಹೀರೋನ ಮುಖ ತೆಗೆದು ಅಂಗಡಿ ಫ್ಲೆಕ್ಸ್‌ಗೆ ಹಾಕೋದು ಅದ್ರಾಗ ಬರಂಗಿಲ್ಲ. ಅಂಥವರು ನಮ್ಮಲ್ಲಿ ವಾರಕ್ಕೊಬ್ಬರು ಬರ್ತಾರ, ನಾನು ಹೇಳ್ತೀನಿ, ಅವರು ಬಾಜೂ ಅಂಗಡಿಗೆ ಹೋಗ್ತಾರ.

ಫೋಟೋ ಯಾರಿಗಾದ್ರೂ ವಾಟ್ಸಾಪ್‌ನ್ಯಾಗ ಕಳಸೋದಿದ್ರ ಡಾಕ್ಯುಮೆಂಟ್ ಅಂತ ಆರಿಸಿ ಕಳಸ್ರಿ, ಸಾದಾ ಫೋಟೋ ಅಂತ ಕಳಿಸಿದ್ರ ಅದು ಮತ್ತ ಒತ್ತಿ ಕಿರಿದು ಮಾಡ್ತದ.