ಜಿಂಕೆ ಮೇದ ಬೈಲಿನಲ್ಲಿ ದನ, ಆಡು ಬಿಡಬಹುದೇ?

ಪ್ರಶ್ನೆ: ಹೆಬ್ರಿ ಹತ್ತಿರ ಕಾಡಂಚಿನಲ್ಲಿ ನಮ್ಮ ಮನೆ. ಎರಡು ದನ, ಆರು ಆಡುಗಳಿವೆ. ರಾತ್ರಿ ಚುಕ್ಕೆ ಜಿಂಕೆ, ಕಡವೆಗಳು ಬೈಲಿಗಿಳಿದು ಮೇಯುತ್ತವೆ. ಹಗಲು ನಮ್ಮ ಜಾನುವಾರು ಅಲ್ಲೇ ಮೇಯುತ್ತವೆ. ಈ ಮಳೆಗಾಲದಲ್ಲಿ ಎರಡು ಆಡುಗಳಿಗೆ ಗದ್ದದ ಕೆಳಗೆ ಊತ, ಒಂದು ದನಕ್ಕೆ ಭೇದಿ. ಮೂರು ತಿಂಗಳಿಗೊಮ್ಮೆ ಹುಳದ ಮದ್ದು ಆಲ್ಬೆಂಡಜೋಲ್ ಕೊಟ್ಟರೂ ಗುಣವಿಲ್ಲ. ಹುಳ ಜಿಂಕೆಗಳಿಂದ ಬರುತ್ತಿದೆಯೇ? ಬೇಲಿ ಹಾಕಬೇಕೇ?

ಉತ್ತರ: ಮೊದಲು ಆ ಎರಡು ಆಡುಗಳ ಕೆಳರೆಪ್ಪೆ ಬಿಡಿಸಿ ಒಳಬಣ್ಣ ನೋಡಿ. ಕೆಂಪಿದ್ದರೆ ಸ್ವಲ್ಪ ಸಮಯವಿದೆ. ಬಿಳಿಚಿದ್ದರೆ ಇವತ್ತೇ ಪಶುವೈದ್ಯರನ್ನು ಕರೆಸಿ, ಸಗಣಿ ವರದಿಗೆ ಕಾಯಬೇಡಿ. ಆಡಿನ ಹೊಟ್ಟೆಯ ಹೀಮಾಂಕಸ್ ಹುಳ ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕುಡಿಯುತ್ತದೆ. ಸಾವಿರ ಹುಳವಿದ್ದರೆ ದಿನಕ್ಕೆ 50 ಮಿ.ಲೀ. ಹೋಯಿತು. ರಕ್ತದ ಪ್ರೋಟೀನ್ ಇಳಿದಾಗ ಗದ್ದದಲ್ಲಿ ನೀರು ತುಂಬುತ್ತದೆ.

ಈ ಹುಳ ಜಿಂಕೆಗೂ ಆಡಿಗೂ ದನಕ್ಕೂ ಸಾಮಾನ್ಯ. ಹಾಗಾಗಿ ಜಿಂಕೆಯಿಂದ ಬರಬಹುದು. ಆದರೆ ಒಂದು ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ದಿನವಿಡೀ ಅದೇ ಬೈಲಿನಲ್ಲಿ ಹಿಕ್ಕೆ ಹಾಕುವುದು ನಿಮ್ಮ ಆಡುಗಳು. ನೀವು ಹೇಳಿದ ಪರಿಸ್ಥಿತಿಯಲ್ಲಿ ಹುಳ ಕಾಡಿನಿಂದ ಹಟ್ಟಿಗೆ ಬರುವುದಕ್ಕಿಂತ ಹಟ್ಟಿಯಿಂದ ಕಾಡಿಗೆ ಹೋಗುವ ಸಾಧ್ಯತೆಯೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಮದ್ದಿಗೆ ಬಗ್ಗದ ಹುಳವೂ ಹಾಗೇ ದಾಟುತ್ತದೆ. ಬ್ರಿಟನ್ನಿನ ಕಾಡು ಜಿಂಕೆಗಳಲ್ಲಿ ಆಲ್ಬೆಂಡಜೋಲ್ ಜಾತಿಯ ಮದ್ದನ್ನು ತಾಳುವ ಹೀಮಾಂಕಸ್ ಇರುವುದು 2014ರಲ್ಲಿ ವರದಿಯಾಗಿದೆ.

ಮದ್ದು ಏಕೆ ಹತ್ತಲಿಲ್ಲ? ಬಹಳ ಕಡೆ ಡೋಸೇ ಕಡಿಮೆ. ಆಡಿನ ಮೈ ಮದ್ದನ್ನು ಬೇಗ ಹೊರಹಾಕುವುದರಿಂದ ಕುರಿಯ ಡೋಸ್ ಸಾಲದು. ಕಣ್ಣಂದಾಜಿನ ತೂಕವೂ ಬೇಡ. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 24, ಉದ್ದ 22 ಇದ್ದರೆ ಸುಮಾರು 19 ಕಿಲೋ. ಆ ತೂಕಕ್ಕೆ ಯಾವ ಮದ್ದು, ಎಷ್ಟು ಎಂಬುದನ್ನು ವೈದ್ಯರು ಬರೆದುಕೊಡಲಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಲೇಬಾರದು.

ಇನ್ನೊಂದು ಕಾರಣ, ಹುಳವೇ ಬೇರೆ ಇರಬಹುದು. ದನದ ಭೇದಿಗೆ ಹೊಟ್ಟೆಯ ಚಪ್ಪಟೆ ಹುಳ ಆಂಫಿಸ್ಟೋಮ್ ಅಥವಾ ಪಿತ್ತಜನಕಾಂಗದ ಚಪ್ಪಟೆ ಹುಳ ಲಿವರ್ ಫ್ಲೂಕ್ ಕಾರಣವಾಗಿದ್ದರೆ ನೀವು ಕೊಟ್ಟ ಮದ್ದು ಆಂಫಿಸ್ಟೋಮನ್ನು ಮುಟ್ಟುವುದಿಲ್ಲ, ಎಳೆಯ ಫ್ಲೂಕನ್ನೂ ಕೊಲ್ಲುವುದಿಲ್ಲ. ಇವೆರಡೂ ಗದ್ದೆ, ತೋಡುಗಳ ಬಸವನಹುಳುವಿನ ಮೂಲಕ ಬರುತ್ತವೆ. ಜಿಂಕೆಗೂ ಹತ್ತುತ್ತವೆ.

ಆದ್ದರಿಂದ ಸಗಣಿ ಪರೀಕ್ಷೆ ಮಾಡಿಸಿ. ಪ್ರತಿ ಪ್ರಾಣಿಯಿಂದ ಆಗಷ್ಟೇ ಹಾಕಿದ 10 ಗ್ರಾಂ ಸಗಣಿ ಅಥವಾ ಹಿಕ್ಕೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಕಟ್ಟಿ, ಹೆಸರು ಬರೆದು ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಿಸಿ. ನಮ್ಮ ಕರಾವಳಿಯ ಸೆಕೆಗೆ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಎಣಿಕೆ ತಪ್ಪುತ್ತದೆ. ತಡವಾಗುವುದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಉಪ್ಪುನೀರಿನಲ್ಲಿ ತೇಲಿಸುವ ಪರೀಕ್ಷೆಯ ಜೊತೆಗೆ ತಳಕ್ಕಿಳಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ; ಚಪ್ಪಟೆ ಹುಳಗಳ ಮೊಟ್ಟೆ ಭಾರ, ತೇಲುವುದಿಲ್ಲ. ಹೀಮಾಂಕಸ್‌ನಂಥ ದುಂಡುಹುಳಕ್ಕೆ ಮದ್ದು ಕೊಟ್ಟಿದ್ದರೆ 14ನೇ ದಿನ ಮತ್ತೆ ಸಗಣಿಯನ್ನು ಪರೀಕ್ಷೆಗೆ ಕೊಡಿ. ಮೊಟ್ಟೆಯ ಎಣಿಕೆ ಮದ್ದಿಗೆ ಮೊದಲಿದ್ದದ್ದಕ್ಕಿಂತ ಶೇ 95ರಷ್ಟಾದರೂ ಇಳಿಯದಿದ್ದರೆ ಆ ಮದ್ದು ನಿಮ್ಮ ಹಟ್ಟಿಯಲ್ಲಿ ಸೋತಿದೆ.

ಬೇಲಿಗೆ ದುಡ್ಡು ಹಾಕಬೇಡಿ. ಕಡವೆ ಹಾರುತ್ತದೆ, ಬಿದ್ದ ಹಿಕ್ಕೆ ಮಳೆನೀರಲ್ಲಿ ಹರಿದು ಬರುತ್ತದೆ. ಮೇವಿನ ಎತ್ತರ ಬದಲಿಸಿದರೆ ಹೆಚ್ಚು ಲಾಭ. ಮರಿಹುಳ ಒದ್ದೆ ಹುಲ್ಲಿನ ಮೇಲೆ ಕೆಲವೇ ಇಂಚು ಹತ್ತುತ್ತದೆ, ಹಾಗಾಗಿ ಆಡುಗಳಿಗೆ ಹಲಸಿನ ಸೊಪ್ಪನ್ನು ಎರಡಡಿ ಮೇಲೆ ಕಟ್ಟಿ. ಬೇಸಿಗೆಯಲ್ಲಿ ಇಬ್ಬನಿ ಆರಿದ ಮೇಲೆ ಬಿಡಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಹುಲ್ಲು ಆರುವುದೇ ಇಲ್ಲವಾದ್ದರಿಂದ ಆಗ ಬೈಲು ಬಿಟ್ಟು ನೀರು ನಿಲ್ಲದ ಗುಡ್ಡೆಯಲ್ಲಿ ಮೇಯಿಸಿ. ಬೈಹುಲ್ಲಿನ ಬುಡದ ಗೇಣುದ್ದವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಚೆನ್ನಾಗಿ ಒಣಗಿಸಿಯೇ ಹಾಕಿ, ಫ್ಲೂಕಿನ ಮರಿಗಳಿರುವ ಕೋಶಗಳು ನೀರಿನ ಮಟ್ಟದ ಆ ಭಾಗದಲ್ಲೇ ಹೆಚ್ಚು. ಹಟ್ಟಿ ತೊಳೆದ ನೀರು ತೋಡಿಗೆ ಹೋಗದಂತೆ ಗೊಬ್ಬರಗುಂಡಿಗೆ ತಿರುಗಿಸಿ. ಉಪ್ಪಿನ ಗಡ್ಡೆಯನ್ನೂ ರಾತ್ರಿ ಒಳಗಿಡಿ, ಹೊರಗಿದ್ದರೆ ಜಿಂಕೆಗಳು ಅದನ್ನು ನೆಕ್ಕಲು ನಿಮ್ಮ ಹಟ್ಟಿಯ ಬಾಗಿಲಿಗೇ ಬರುತ್ತವೆ.